ಬೇವಿನ ಗಿಡದ ಬುಡಕ್ಕಿದ್ದ ಎಂಟರ್ ಬಟನ್

ಕಂಪ್ಯೂಟರ್ ಮುಟ್ಟಿಸದೆಯೇ ಮಕ್ಕಳಿಗೆ ಕಂಪ್ಯೂಟರ್ ಕಲಿಸಿದ ಮಾಸ್ತರನಿಗೆ ಕೊನೆಗೆ ಏನು ಸಿಕ್ಕಿರಬಹುದು, ಹೇಳ್ರಿ ನೋಡೋಣ? ಶಾಲು ಅಂತೀರೇನು? ಶಾಲು ಸಿಕ್ಕಿತು, ಆದರೆ ನಾನು ಕೇಳುತ್ತಿರುವುದು ಅದಲ್ಲ. ಬಡ್ತಿ? ಖಾಸಗಿ ಶಾಲೆಯೊಳಗೆ ಅದನ್ನು ಎಲ್ಲಿಂದ ತರ್ತೀರಿ? ವರ್ಗಾವಣೆ? ಹತ್ತಿರ ಬಂದಿರಿ, ಆದರೂ ಪೂರ್ತಿ ಸಿಗಲಿಲ್ಲ. ತಡೀರಿ, ಮೊದಲಿನಿಂದ ಹೇಳುತ್ತೇನೆ. ನಿವೃತ್ತನಾದವನಿಗೆ ಅವಸರ ಇರೋದಿಲ್ಲ, ಕೇಳುವವರಿಗೂ ಇರಬಾರದು. ಇಂಥವೆಲ್ಲ ಹುಡುಕಿಕೊಂಡು ನನ್ನ ಹತ್ತಿರವೇ ಯಾಕೆ ಬರುತ್ತಿದ್ದವೋ, ನನಗಂತೂ ಇಂದಿಗೂ ಗೊತ್ತಾಗಿಲ್ಲ.

ತಂಪು ಕೋಣೆ

ಮಾಸ್ತರನಾಗುವ ಮೊದಲು ನಾನು ವಾಡಿ ಕಡೆಯ ಒಂದು ಸಿಮೆಂಟ್ ಫ್ಯಾಕ್ಟರಿಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಆಗಿನ ಕಂಪ್ಯೂಟರ್ ಅಂದರೆ ಎರಡು ಕಬ್ಬಿಣದ ಕಪಾಟು ಜೋಡಿಸಿಟ್ಟಷ್ಟು ದೊಡ್ಡದು. ಅದಕ್ಕೆ ಕಾವು ತಾಗಬಾರದು ಅಂತ ಕೋಣೆಗೆ ಎ.ಸಿ. ದೊಡ್ಡ ಸಾಹೇಬರನ್ನು ಬಿಟ್ಟರೆ ಇಡೀ ಫ್ಯಾಕ್ಟರಿಯಲ್ಲಿ ಆ ಮರ್ಯಾದೆ ಇದ್ದದ್ದು ನಮ್ಮ ಯಂತ್ರಕ್ಕೆ ಮಾತ್ರ.

ಚಳಿಗಾಲದಲ್ಲಿ ನಮ್ಮ ಕಡೆ ಒಬ್ಬರೂ ಹಾಯುತ್ತಿರಲಿಲ್ಲ. ಏಪ್ರಿಲ್ ಬಂತೆಂದರೆ ಎಲ್ಲ ವಿಭಾಗದವರಿಗೂ ತಮ್ಮ ತಮ್ಮ ಲೆಕ್ಕದ ಮೇಲೆ ಅನುಮಾನ ಶುರು. ಉಗ್ರಾಣದ ಅಧಿಕಾರಿಯೊಬ್ಬರಿದ್ದರು. ಊಟ ಮುಗಿಸಿ ನೇರ ಬಂದು, ಫೈಲು ಮೇಜಿನ ಮೇಲಿಟ್ಟು, ಅದರ ಮೇಲೆ ತಲೆ ಇಟ್ಟು, "ಸ್ಟಾಕು ಯಾಕೋ ತಪ್ಪಿದಂಗ ಕಾಣ್ತದ, ಒಂದ್ಸಲ ಕೂಡಸ್ರಿ" ಅನ್ನುವರು. ನಾನು ಎಳೆಯ ಹುಡುಗ, ಹುರುಪಿನಿಂದ ಗಡಿಬಿಡಿ ಮಾಡಿ ಕೂಡಿಸಿದೆ. "ಸಾಹೇಬ್ರ, ಲೆಕ್ಕ ಬರೋಬ್ಬರಿ ಅದ" ಅಂದೆ.

ಅವರು ಕಣ್ಣು ತೆರೆಯಲಿಲ್ಲ. "ಇನ್ನೊಮ್ಮೆ ಕೂಡಸ್ರಿ" ಅಂದರು. "ಈ ಸಲ ಸಾವಕಾಶ ಕೂಡಸ್ರಿ."

ಮುಲಾಖಾತು

ಆಮೇಲೆ ಸಣ್ಣ ಕಂಪ್ಯೂಟರುಗಳು ಬಂದವು, ಮೇಜಿಗೊಂದು. ನಮ್ಮ ಕಪಾಟಿನ ಜೊತೆ ನಮ್ಮಂಥ ಹಳಬರನ್ನೂ ಕಂಪನಿಯವರು ಮರ್ಯಾದೆಯಿಂದ ಬೀಳ್ಕೊಟ್ಟರು. ಮನೆಯಲ್ಲಿ ಕುಂತು ಏನು ಮಾಡೋದು? ಸೇಡಂನ ಒಂದು ಖಾಸಗಿ ಹೈಸ್ಕೂಲಿಗೆ ಕಂಪ್ಯೂಟರ್ ಮಾಸ್ತರು ಬೇಕಾಗಿದ್ದಾರೆಂದು ಗೊತ್ತಾಗಿ ಸಂದರ್ಶನಕ್ಕೆ ಹೋದೆ. ಯಂತ್ರದ ಜೊತೆ ಅಷ್ಟು ವರ್ಷ ತಲೆ ಒಡೆದುಕೊಂಡವನಿಗೆ ಮಕ್ಕಳು ಏನು ಮಹಾ ಅಂತ ಧೈರ್ಯ.

ಹೆಡ್ ಮಾಸ್ತರು ಒಳ್ಳೆಯ ಮನುಷ್ಯ. ನನ್ನ ಅನುಭವವನ್ನೆಲ್ಲ ಕೈ ಕಟ್ಟಿ ಕೇಳಿದರು. ಯಾವ ಯಾವ ಯಂತ್ರ, ಎಂಥೆಂಥ ಪ್ರೋಗ್ರಾಂ ಅಂತ ನಾನು ಹೇಳಿದ್ದೇ ಹೇಳಿದ್ದು. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

"ಅದೆಲ್ಲ ಛಲೋ ಆತ್ರಿ. ಕಬಡ್ಡಿ ಆಡಸ್ಲಿಕ್ಕ ಬರ್ತದೇನು?"

ಗವಸು

ಶಾಲೆಯಲ್ಲಿ ಮೂರು ಕಂಪ್ಯೂಟರ್ ಇದ್ದವು. ಕೋಣೆಗೆ ಕೀಲಿ, ಕೀಲಿಯ ಚಾವಿ ಹೆಡ್ ಮಾಸ್ತರರ ಜನಿವಾರದಲ್ಲಿ. ಮೂರಕ್ಕೂ ಗವಸು, ಅವರ ಮನೆಯವರೇ ಕೂತು ಹೊಲಿದದ್ದು, ಅಂಚಿಗೆ ನಿರಿಗೆ, ನಡುವೆ ಗುಲಾಬಿ ಹೂವು. ಕೋಣೆಯ ಹೊರಗೆ ಚಪ್ಪಲಿ ಬಿಡಬೇಕು. ಬಿಟ್ಟು ಏನು ಮಾಡಬೇಕು ಅಂದರೆ, ಕಿಟಕಿಯಿಂದ ನೋಡಬೇಕು.

"ಸರ, ತರಗತಿ ಯಾವಾಗ ಶುರು ಮಾಡೋಣ್ರಿ?" ಅಂತ ಕೇಳಿದೆ.

"ಕರೆಂಟೇ ಇರಂಗಿಲ್ಲಲ್ರಿ. ಕರೆಂಟ್ ಇಲ್ದ ಅವನ್ನ ತಗದು ಏನ್ ಮಾಡ್ತೀರಿ?"

"ಕರೆಂಟ್ ಇದ್ದಾಗ ತಗದ್ರಾತಲ್ರಿ."

ಅವರು ಗಾಬರಿಯಾದರು. "ಏ, ಹಂಗ್ ಮಾತ್ರ ಮಾಡಬ್ಯಾಡ್ರಿ! ಕರೆಂಟ್ ಇದ್ದಾಗ ತಗದ್ರ ಸುಟ್ಟು ಗಿಟ್ಟು ಹೋದ್ರ?"

ಆ ವರ್ಷದ ಹತ್ತನೇ ತರಗತಿಯವರು ಹಾಗೆಯೇ ಹೋದರು. ಒಂದು ಬಟನ್ನೂ ಒತ್ತಲಿಲ್ಲ. ನಾನು ಕಪ್ಪು ಹಲಗೆಯ ಮೇಲೆ ಬರೆದ ಚಿತ್ರವೇ ಅವರಿಗೆ ಕಂಪ್ಯೂಟರ್. ಕೆಲವು ವರ್ಷದ ಮೇಲೆ ಅವರಲ್ಲೊಬ್ಬ ಚಿತ್ತಾಪುರ ಬಸ್ ನಿಲ್ದಾಣದಲ್ಲಿ ಸಿಕ್ಕ. ಮೀಸೆ ಬಂದಿತ್ತು. ಕಾಲಿಗೆ ಬಿದ್ದು, "ಸರ, ನೀವು ಕಲಿಸಿದ ಕಂಪ್ಯೂಟರ್ ಮರಿಯಂಗಿಲ್ರಿ" ಅಂದ. ನನ್ನ ಕಣ್ಣು ತುಂಬಿ ಬಂತು. "ಏನೇನು ನೆನಪದಪ್ಪ?" ಅಂದೆ.

"ಗುಲಾಬಿ ಹೂವು ರೀ, ಸರ."

ಫರಸಿ

ಮುಂದಿನ ತಂಡವನ್ನಾದರೂ ಹಾಗೆ ಕಳಿಸಬಾರದು, ಪ್ರತಿಯೊಬ್ಬರ ಬೆರಳೂ ಒಮ್ಮೆಯಾದರೂ ಆ ಕೀಬೋರ್ಡ್ ಮೇಲೆ ಬೀಳಬೇಕು ಅಂತ ಹಟ ಬಂತು. ಕೋಣೆ ತೆರೆಯುವವರೆಗೆ ಕಾಯುತ್ತ ಕೂಡುವುದು ಬೇಡ, ಮಕ್ಕಳನ್ನು ತಯಾರು ಮಾಡಿ ಇಟ್ಟುಕೊಳ್ಳೋಣ ಅಂದುಕೊಂಡೆ.

ನಮ್ಮ ಶಾಲೆಯ ಅಂಗಳಕ್ಕೆ ಪೂರಾ ಶಹಾಬಾದಿ ಫರಸಿ ಹಾಸಿದ್ದರು. ಚೌಕ ಚೌಕ ಕಲ್ಲು, ಸಾಲಾಗಿ. ಒಂದು ದಿನ ಮೇಲಿನ ವರಾಂಡದಿಂದ ನೋಡುತ್ತ ನಿಂತಾಗ ಹೊಳೆಯಿತು: ಇದು ಅಂಗಳ ಅಲ್ಲ, ಕೀಬೋರ್ಡ್! ಶಾಲೆಯ ಜವಾನರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು. ಬಾಗಿಲಿಗೆ ಹಚ್ಚಿ ಉಳಿದ ಬಣ್ಣ ಅವರ ಹತ್ತಿರ ಇತ್ತು. "ಮಾಸ್ತರ್ ಸಾಬ್, ವಯಸ್ಸಾತು ನಿಮಗ, ಯಾಕಿದು ಹುಡುಗಾಟ?" ಅನ್ನುತ್ತಲೇ ನನ್ನ ಜೊತೆ ಮೊಣಕಾಲೂರಿ ಕಲ್ಲಿಗೊಂದು ಅಕ್ಷರ ಬರೆದರು. ಹೆಡ್ ಮಾಸ್ತರರ ಬಾಗಿಲ ಮುಂದಿನ ಉದ್ದ ಕಲ್ಲು ಸ್ಪೇಸ್ ಬಾರ್. ಬೇವಿನ ಗಿಡದ ಬುಡಕ್ಕೆ ಎಂಟರ್. ನೀರಿನ ಟಾಕಿ ಹತ್ತಿರ ಬ್ಯಾಕ್‌ಸ್ಪೇಸ್. ಎಸ್ಕೇಪ್ ಬಟನ್ ಶಾಲೆಯ ಗೇಟಿನ ಬಳಿ ಬಂತು. ಅದು ಯಾತಕ್ಕೆ ಅಂತ ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಮಕ್ಕಳು ಕಲ್ಲಿನಿಂದ ಕಲ್ಲಿಗೆ ಜಿಗಿದು ಬರೆಯುವರು. ಇಂಗ್ಲಿಷಿನಲ್ಲಿ ಸೇಡಂ ಬರೆಯುವುದು ಸಲೀಸು, ನಾಲ್ಕು ಅಕ್ಷರ ಒಂದೇ ಮೂಲೆಯಲ್ಲಿ, ಕೊನೆಯದಕ್ಕೆ ಮಾತ್ರ ಒಂದು ಓಟ. ವಾಡಿಯೂ ಹಾಗೆಯೇ. ಚಿತ್ತಾಪುರಕ್ಕೆ ನಿಂತಲ್ಲೇ ಎರಡು ಸಲ ಕುಣಿಯಬೇಕು. ಚಿಂಚೋಳಿ ಅಂದರೆ ಮಾತ್ರ ಈ ತುದಿಯಿಂದ ಆ ತುದಿಗೆ ಹೋಗಿ, ಬಂದು, ಮತ್ತೆ ಹೋಗಿ, ಮುಗಿಯುವಷ್ಟರಲ್ಲಿ ನಾಲಿಗೆ ಹೊರಗೆ. ತಡವಾಗಿ ಬಂದವರಿಗೆ ನಾನು ಬೆತ್ತ ಹಿಡಿಯಲೇ ಇಲ್ಲ. "ಚಿಂಚೋಳಿ ಬರಿ" ಅಂದರೆ ಮುಗೀತು.

ಹೆಡ್ ಮಾಸ್ತರರಿಗೆ ಇದೆಲ್ಲ ಅಷ್ಟು ಸೇರಲಿಲ್ಲ. ದಿನಾ ಬೆಳಿಗ್ಗೆ ಗೇಟಿನಿಂದ ತಮ್ಮ ಕೋಣೆಗೆ ಅದೇ ಕಲ್ಲುಗಳ ಮೇಲೆ ಗಂಭೀರವಾಗಿ ನಡೆದು ಹೋಗುವರು. ಮಕ್ಕಳು ಅವರ ಕಾಲನ್ನೇ ನೋಡುತ್ತ ಒಂದೊಂದೇ ಅಕ್ಷರ ಕೂಡಿಸಿ ಓದುವರು. ಒಂದು ವಾರದ ಮೇಲೆ ನಮ್ಮ ತಾಲೂಕಿನದೇ ಆದ ಮುಧೋಳದಿಂದ ಬರುತ್ತಿದ್ದ ಒಬ್ಬ ಹುಡುಗಿ, ತರಗತಿಯಲ್ಲೇ ಜಾಣೆ, ನನ್ನ ಹತ್ತಿರ ಬಂದು ಗುಟ್ಟಾಗಿ ಹೇಳಿದಳು:

"ಸರ, ಹೆಡ್ ಸರ್ ದಿನಾ ಏನೋ ಬರೀಲಿಕತ್ತಾರ್ರಿ. ಒಂದರ ಅರ್ಥ ಆಗವಲ್ದು."

ಬಂದವರು ಯಾರು ಅಂದ್ರ

ನಮ್ಮದು ಒಂದು ಸಂಸ್ಥೆಯ ಶಾಲೆ. ಆ ಸಂಸ್ಥೆಯದೇ ಇನ್ನೊಂದು ಶಾಲೆ ಚಿಂಚೋಳಿಯಲ್ಲಿ. ಒಂದು ದಿನ ಸಂಸ್ಥೆಯ ಕಾರ್ಯದರ್ಶಿಗಳು ಬಂದರು. ಅವರೊಬ್ಬರು 'ತೆಗೀರಿ' ಅಂದರೆ ಆ ಕೋಣೆಯ ಕೀಲಿ ತೆರೆಯುತ್ತದೆ, ವರ್ಷಪೂರ್ತಿ ತೆರೆದಿರುತ್ತದೆ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಮಕ್ಕಳಿಗೂ ಹೇಳಿದ್ದೆ: "ಕೇಳಿದ್ದಕ್ಕ ಛಂದಂಗ ಉತ್ತರ ಕೊಡ್ರಿ. ಇವತ್ತಿಗೆ ನಮ್ಮ ನಸೀಬು ತೆರೀತದ."

ಕಾರ್ಯದರ್ಶಿಗಳು ತರಗತಿಗೆ ಬಂದು ಕುರ್ಚಿಯ ಮೇಲೆ ಕುಂತು ಕೇಳಿದರು: "ಕೀಬೋರ್ಡಿನಾಗ ಎಂಟರ್ ಬಟನ್ ಎಲ್ಲಿ ಅದ?"

ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು: "ಬೇವಿನ ಗಿಡದ ಬುಡಕ್ಕ ಅದ ರೀ, ಸರ!"

ಅವರು ನನ್ನ ಮುಖ ನೋಡಿದರು. ನಾನು ಹೆಡ್ ಮಾಸ್ತರರ ಮುಖ ನೋಡಿದೆ. ಹೆಡ್ ಮಾಸ್ತರರು ಬೇವಿನ ಗಿಡ ನೋಡಿದರು.

"ಮತ್ತ ಸ್ಪೇಸ್ ಬಾರ್?"

"ಹೆಡ್ ಸರ್ ಬಾಗಲ ಮುಂದ ರೀ!"

"ಏನ್ ಕಲಿಸೀರಿ ಮಾಸ್ತರ ಇವ್ರಿಗೆ?" ಅಂದರು ಕಾರ್ಯದರ್ಶಿಗಳು, ದನಿ ಏರಿಸಿ. ನಾನು ಅವರನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ನಕ್ಕರು, ಆದರೆ ನಂಬಲಿಲ್ಲ. "ನೆಲದ ಮ್ಯಾಲ ಕುಣದ್ರ ಏನ್ ಬಂತು? ಖರೇ ಕಂಪ್ಯೂಟರ್ ಮ್ಯಾಲ ಬರದು ತೋರಸ್ಲಿ."

ನಾನು ಇದನ್ನೇ ಕಾಯುತ್ತಿದ್ದೆ. ಅದೇ ಹೊತ್ತಿಗೆ ಚಾಚಾ ಓಡಿ ಬಂದು, "ಕರೆಂಟ್ ಬಂತ್ರೀ ಸಾಬ್!" ಅಂದರು. ಹೆಡ್ ಮಾಸ್ತರರು ಜನಿವಾರದ ಚಾವಿಯಿಂದ ಕೀಲಿ ತೆಗೆದರು. ಗವಸು ಮಡಿಸಿ ಎದೆಗೆ ಹಿಡಿದುಕೊಂಡರು. ಮುಧೋಳದ ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೀಬೋರ್ಡ್ ಮುಂದೆ ಕುಂತಳು. ಜನ್ಮದಲ್ಲಿ ಮೊದಲ ಸಲ. ಮೂತಿ ಸಣ್ಣದು ಮಾಡಿ ನನ್ನ ಕಡೆ ತಿರುಗಿದಳು.

"ಸರ, ಇದು ಇಷ್ಟು ಸಣ್ಣದು ಅದ ಏನ್ರಿ?"

"ಬರಿಯವ್ವ ತಂಗಿ" ಅಂದರು ಕಾರ್ಯದರ್ಶಿಗಳು. "ನಮ್ಮೂರ ಹೆಸರ ಬರಿ. ಚಿಂಚೋಳಿ."

ಕಿಟಕಿಗೆ ಜೋತುಬಿದ್ದಿದ್ದ ಮಕ್ಕಳೆಲ್ಲ "ಅಯ್ಯೋ!" ಅಂದವು. ಆಕೆ ಮಾತ್ರ ಅಂಜಲಿಲ್ಲ. ಮೇಜಿನ ಕೆಳಗೆ ಅವಳ ಕಾಲು ಆ ಕಡೆ ಈ ಕಡೆ ಸಣ್ಣಗೆ ಮಿಡಿಯುತ್ತಿದ್ದವು, ಮೇಲೆ ಬೆರಳು ಅವುಗಳ ಹಿಂದೆಯೇ. ಒಂದು ಅಕ್ಷರ ತಪ್ಪಲಿಲ್ಲ. ಕೊನೆಗೆ ಕಿಟಕಿಯಿಂದ ಬೇವಿನ ಗಿಡವನ್ನೊಮ್ಮೆ ನೋಡಿ, ಎಂಟರ್ ಒತ್ತಿದಳು.

ಕಾರ್ಯದರ್ಶಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಶಾಲು ಹೊದಿಸಿದರು. ಇಡೀ ಶಾಲೆಯನ್ನು ಅಂಗಳದಲ್ಲಿ ಕೂಡಿಸಿ ಭಾಷಣ ಮಾಡಿದರು. ನಾನು ಎಂಟರ್ ಮೇಲೆ ನಿಂತು, 'ಈಗ ಅಂತಾರ, ಈಗ ತೆಗೀರಿ ಅಂತಾರ' ಅಂತ ಕಾಯುತ್ತಿದ್ದೆ.

"ಇಂಥಾ ಮಾಸ್ತರ್ನ ನಾ ಎಲ್ಲೂ ನೋಡಿಲ್ಲ" ಅಂದರು ಅವರು. "ಕಂಪ್ಯೂಟರ್ ಮುಟ್ಲಾರದೇ ಈ ಮಕ್ಕಳು ಇಷ್ಟು ಕಲ್ತಾರ ಅಂದ್ಮ್ಯಾಲ, ಈ ಶಾಲೆಗೆ ಕಂಪ್ಯೂಟರ್ ಯಾಕ ಬೇಕು? ನಮ್ಮ ಚಿಂಚೋಳಿ ಶಾಲೆಯಾಗ ಪಾಪ, ಅಂಗಳಕ್ಕ ಫರಸೀನೂ ಇಲ್ಲ. ಇವು ಮೂರೂ ಅಲ್ಲಿಗೆ ಹೋಗ್ಲಿ!"

ಹೆಚ್ಚು ಹೊತ್ತಾಗಲಿಲ್ಲ, ಟೆಂಪೋ ಬಂತು. ಹೆಡ್ ಮಾಸ್ತರರು ಟೆಂಪೋದ ಹಿಂದೆ ನಾಲ್ಕು ಹೆಜ್ಜೆ ಓಡಿ ಗವಸು ಮೂರನ್ನೂ ಡ್ರೈವರ್ ಕೈಗೆ ಕೊಟ್ಟು, "ಧೂಳ ಹತ್ತಗೊಡಬ್ಯಾಡ್ರಿ" ಅಂದು ಕಣ್ಣೊರೆಸಿಕೊಂಡರು. ಆ ಮನುಷ್ಯನನ್ನು ನೋಡಿ ನಾನು ಬೈಯಲೋ, ಸಮಾಧಾನ ಮಾಡಲೋ? ಟೆಂಪೋ ನಮ್ಮ ಫರಸಿಯ ಮೇಲೆ ಹಾದು, ಎಸ್ಕೇಪ್ ತುಳಿದು, ಗೇಟು ದಾಟಿ ಹೋಯಿತು. ಚಿಂಚೋಳಿಯಲ್ಲಿ ಅವುಗಳಿಗೆ ಬೇರೆ ಕೀಲಿ ಹಾಕಿದರೆಂದು ಆಮೇಲೆ ಕೇಳಿದೆ. ಆ ತಂಡದಲ್ಲಿ ಕೀಬೋರ್ಡ್ ಮುಟ್ಟಿದವಳು ಅವಳೊಬ್ಬಳೇ. ಉಳಿದವರ ಬೆರಳು ಹಾಗೆಯೇ ಹೋದವು.

ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಆ ಹುಡುಗಿ ಬೇವಿನ ಗಿಡದ ಕೆಳಗೆ ನಿಂತಿದ್ದಳು. ಮೋರೆ ಬಾಡಿತ್ತು.

"ಸರ, ನಂದೇನರ ತಪ್ಪಾತೇನ್ರಿ?"

"ಇಲ್ಲವ್ವ" ಅಂದೆ. "ಒಂದಾದ್ರೂ ತಪ್ಪು ಮಾಡಬೇಕಿತ್ತು ನೋಡು ನೀನು."

ಆಕೆಗೆ ಮೊದಲು ನಗು ಬಂತು. ಆಮೇಲೆ ನನಗೆ ಬಂತು. ಶಾಲು ಭುಜದ ಮೇಲೆ, ಕೋಣೆ ಖಾಲಿ, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಇಷ್ಟೆಲ್ಲ ಯಾವತ್ತು ಆಯಿತು ಅಂತ ಕೇಳ್ತೀರೇನು? ಎರಡು ಸಾವಿರದ ಮೂರನೇ ಇಸವಿ, ಸೆಪ್ಟೆಂಬರ್ ಐದು, ಶುಕ್ರವಾರ. ಶಿಕ್ಷಕರ ದಿನಾಚರಣೆ.