ಗೋಡೆಯಾಚೆಯ ಫೋನನ್ನು ಮರಳಿ ಸೇರಿಸಿಕೊಳ್ಳುವ ಕುರಿತು

ದಿನಾಂಕ: ಎದುರು ಮನೆಯ ಗೇಟೂ ಕಾಣದಷ್ಟು ಮಂಜು ಬಿದ್ದ ಗುರುವಾರ, ಬೆಳಗ್ಗೆ

ಇಂದ:
ತಮ್ಮ ತಂದೆ, ಬಡಗಿ,
ಕೆಳಗಿನ ಕೋಣೆ

ಗೆ:
ಮನೆಯ ವೈ-ಫೈ ಭದ್ರತಾಧಿಕಾರಿಗಳು (ಮಗಳು),
ಮಹಡಿ ಕೋಣೆ

ವಿಷಯ: ಹೊರಹಾಕಲಾದ ಫೋನೊಂದನ್ನು ಮರಳಿ ಸೇರಿಸಿಕೊಳ್ಳುವ ಬಗ್ಗೆ.

ಉಲ್ಲೇಖ: ಭಾನುವಾರ ಊಟದ ಹೊತ್ತಿಗೆ ತಾವು ಹೊರಡಿಸಿದ ಮೌಖಿಕ ಆದೇಶ: "ಇನ್ಮೇಲೆ ಪಾಸ್‌ವರ್ಡ್ ಯಾರಿಗೂ ಹೇಳ್ಬೇಡಿ."

ಮಾನ್ಯರೇ,

೧. ಮೂವರಿರುವ ಮನೆಯ ವೈ-ಫೈಯಲ್ಲಿ ನಾಲ್ಕು ಫೋನುಗಳಿರುವುದನ್ನು ತಾವು ಪತ್ತೆಹಚ್ಚಿ, "ಅಪ್ಪಾ, ಯಾರೋ ಬಿಟ್ಟಿ ಮೇಯ್ತಿದಾರೆ!" ಎಂದು ಕೂಗಿ, ಗುಪ್ತಪದ ಬದಲಿಸಿ, ನಾಲ್ಕನೆಯದನ್ನು ಹೊರಹಾಕಿದ್ದು ಸರಿಯಷ್ಟೆ. ಗುಪ್ತಪದವನ್ನು ಯಾರಿಗೂ ಹೇಳಿಲ್ಲವೆಂದು ನಾನು ದೇವರಾಣೆ ಮಾಡಿದ್ದೂ ಸರಿ. ಹೇಳಿರಲಿಲ್ಲ. ಬರೆದಿದ್ದೆ.

೨. ಬಡಗಿಯಾದ ಕಾರಣ ನಾನು ಕಾಗದ ಹುಡುಕುವವನಲ್ಲ. ಕೈಗೆ ಸಿಕ್ಕ ಮರದ ಮೇಲೆ ಬರೆಯುವವನು. ಗುಪ್ತಪದ ಬರೆದದ್ದು ಕುಂಟುವ ಸ್ಟೂಲಿನ ಅಡಿಯಲ್ಲಿ. ಅದನ್ನು ಪಕ್ಕದ ಮನೆಯ ಅತ್ತಿಗೆ, ಅಂದರೆ ತಮ್ಮ ದೊಡ್ಡಮ್ಮ, ಅಟ್ಟ ಗುಡಿಸಲು ಒಯ್ದು ನಾಲ್ಕು ವರ್ಷವಾಯಿತು. ವಾಪಸು ಕೇಳಲು ಬಾಯಿ ಬರಲಿಲ್ಲ. ಕಾರಣ ಮುಂದಿದೆ.

೩. ಅಣ್ಣನೂ ನಾನೂ ಮಾತು ಬಿಟ್ಟು ಏಳು ವರ್ಷ. ಇಬ್ಬರೂ ಕೂಡಿ ಮಾಡಿದ ಬಾಗಿಲೊಂದು ಅರ್ಧ ಅಂಗುಲ ಗಿಡ್ಡವಾಗಿತ್ತು. "ಅಳತೆ ತಗೊಂಡೋನು ನೀನು" ಎಂದ ಅವನು. "ಕೊಯ್ದೋನು ನೀನು" ಎಂದೆ ನಾನು. ಗಿರಾಕಿ ಅದೇ ಬಾಗಿಲು ಹಾಕಿಸಿಕೊಂಡು ನೆಮ್ಮದಿಯಾಗಿದ್ದಾನೆ.

೪. ಆದರೆ ದಿನಾ ಬೆಳಗ್ಗೆ ಆರಕ್ಕೆ ಅಣ್ಣನ ಫೋನಿನಲ್ಲಿ ಪ್ರಾರ್ಥನೆಯ ಹಾಡು ಬರುತ್ತಿತ್ತು. ಗೋಡೆಯ ಆಚೆ ಅವನು, ಈಚೆ ನಾನು, ಕಣ್ಣುಮುಚ್ಚಿ ಕೂರುತ್ತಿದ್ದೆವು. ಎರಡನೆಯ ಸಾಲಿಗೆ ಅವನು ದನಿಗೂಡಿಸುವನು, ಅಪಸ್ವರ. ಅದು ಕಿವಿಗೆ ಬಿದ್ದರೆ, ಅಣ್ಣ ಚೆನ್ನಾಗಿದ್ದಾನೆ ಎಂದುಕೊಂಡು ಏಳುತ್ತಿದ್ದೆ. ದೇವರು ಗೋಡೆ ದಾಟಲು ಗುಪ್ತಪದ ಕೇಳುವುದಿಲ್ಲವೆಂದು ನಂಬಿದ್ದೆ. ನಮ್ಮ ವೈ-ಫೈ ಮೇಲೆಯೇ ಬರುತ್ತಿದ್ದನೆಂದು ತಿಳಿದಿರಲಿಲ್ಲ.

೫. ಸೋಮವಾರದಿಂದ ಗೋಡೆ ಸುಮ್ಮನಿದೆ. ಆದ್ದರಿಂದ ನಾನು ಕೂತಲ್ಲೇ ಕೂತಿರುತ್ತೇನೆ. ಆದ್ದರಿಂದ ತಿಂಡಿ ತಡ, ಆದ್ದರಿಂದ ಕೆಲಸ ತಡ, ಆದ್ದರಿಂದ ತಮ್ಮ ತಾಯಿಯವರ ಮುಖ ದಪ್ಪ.

೬. ನಿನ್ನೆ ನಾನು ಇದೆಲ್ಲ ಒಪ್ಪಿಕೊಂಡಾಗ ತಾವು, "ದೊಡ್ಡಪ್ಪಂಗೆ ಬೇಕಾದ್ರೆ ಗೆಸ್ಟ್ ನೆಟ್‌ವರ್ಕ್ ಮಾಡ್ಕೊಡ್ತೀನಿ, ನಮ್ಮದು ಸೇಫ್ ಆಗಿರತ್ತೆ" ಎಂದಿರಿ. ಸಲಹೆ ಯೋಗ್ಯವಾದುದೇ. ಆದರೆ ನನ್ನ ತೊಟ್ಟಿಲು ತೂಗಿದವನನ್ನು ಅತಿಥಿ ಎಂದು ದಾಖಲಿಸಲು ಮನಸ್ಸು ಒಪ್ಪದ ಕಾರಣ, ಸದರಿ ಫೋನನ್ನು ಮನೆಯವರ ಪಟ್ಟಿಯಲ್ಲೇ ಸೇರಿಸಿಕೊಳ್ಳಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ (ಗುಪ್ತಪದದ ವಿಷಯ ಹೊರತುಪಡಿಸಿ),
ಅಪ್ಪ

ಲಗತ್ತುಗಳು:
೧. ತಾವೇ ಪತ್ತೆಹಚ್ಚಿದ ನಾಲ್ಕು ಫೋನುಗಳ ಪಟ್ಟಿ
೨. ಸ್ಟೂಲು (ಸದ್ಯಕ್ಕೆ ಲಭ್ಯವಿಲ್ಲ)

ಷರಾ: ಸಹಿ ಹಾಕುತ್ತಿದ್ದಂತೆ ಮಂಜಿನೊಳಗೆ ನಮ್ಮ ಗೇಟು ಕಿರುಗುಟ್ಟಿತು. ಎರಡನೆಯ ಲಗತ್ತು ಬಂದಿದೆ. ಅಣ್ಣ ಅದನ್ನು ನನ್ನ ಕೈಗಿಟ್ಟು ಹೋದ. ಈಗದು ಕುಂಟುವುದಿಲ್ಲ, ಗಿಡ್ಡ ಕಾಲಿಗೆ ಅರ್ಧ ಅಂಗುಲದ ತುಂಡು ಕೂಡಿಸಲಾಗಿದೆ. ಅಡಿಯಲ್ಲಿ ಹಳೆಯ ಗುಪ್ತಪದಕ್ಕೆ ಪೆನ್ಸಿಲಿನ ಅಡ್ಡಗೆರೆ, ಅದರ ಕೆಳಗೆ ಖಾಲಿ ಜಾಗ. ತಾವು ಹೊಸದನ್ನು ನಿಧಾನವಾಗಿ ಹೇಳಿದರೆ, ಅಲ್ಲೇ ಬರೆದು ಸ್ಟೂಲನ್ನು ಕೊಟ್ಟುಬರುತ್ತೇನೆ.