‘ಐಡಿಯಾ’ ಪದದ ಬದಲಿ ಪದಗಳು ಹಾಗೂ ಮುಖ್ಯಾಧಿಕಾರಿಗಳ ಕೊಠಡಿಯ ಬಾಗಿಲು

ಸಂಖ್ಯೆ: ಆಲೋ/ಕಪಾಟು/ಬಾಗಿಲು/ತುರ್ತು
ಸ್ಥಳ: ಮುಖ್ಯಾಧಿಕಾರಿಗಳ ಕೊಠಡಿ (ಒಳಭಾಗ)
ದಿನಾಂಕ: ಇಂದೇ

ವಿಷಯ: ‘ಐಡಿಯಾ’ ಎಂಬ ಪದದ ಅರ್ಥಗಳು, ಸಮಾನಾರ್ಥಕ ಪದಗಳು ಮತ್ತು ಕೆಳಸಹಿದಾರರನ್ನು ಹೊರತೆಗೆಯುವ ಕುರಿತು.

ಉಲ್ಲೇಖ: 1. ‘ಐಡಿಯಾ’ ಪದವನ್ನು ನಿಷೇಧಿಸಿದ ಈ ಕಾರ್ಯಾಲಯದ ಹಿಂದಿನ ಸುತ್ತೋಲೆ.
2. ಇಂದು ಬೆಳಿಗ್ಗೆ ಎಲ್ಲರಿಗೂ ಕೇಳಿಸಿದ ಸದ್ದು.

ಪೀಠಿಕೆ:

ಈ ಕಾರ್ಯಾಲಯದಲ್ಲಿ ‘ಐಡಿಯಾ’ ಎಂಬ ಒಂದೇ ಪದವನ್ನು ಕಂಡಕಂಡದ್ದಕ್ಕೆಲ್ಲ ಬಳಸಲಾಗುತ್ತಿತ್ತು. ಸಾಹೇಬರು ಎಲ್ಲಿ ಎಂದರೆ “ಐಡಿಯಾ ಇಲ್ಲ”, ಬೇಗ ಮನೆಗೆ ಹೋಗೋಣವೇ ಎಂದರೆ “ಒಳ್ಳೆ ಐಡಿಯಾ”. ಆದಕಾರಣ ಸದರಿ ಪದವನ್ನು ನಿಷೇಧಿಸಿ, ತಲೆಗೆ ಬಂದದ್ದನ್ನು ಮೊದಲು ಸರಿಯಾದ ದರ್ಜೆಗೆ ಸೇರಿಸಿ, ಕಾಗದದಲ್ಲಿ ಬರೆದು, ಕೆಳಸಹಿದಾರರಾದ ಮುಖ್ಯಾಧಿಕಾರಿಗಳ ಕೊಠಡಿಯ ಕಬ್ಬಿಣದ ಕಪಾಟಿನಲ್ಲಿ ಇರಿಸತಕ್ಕದ್ದೆಂದು ಆದೇಶಿಸಲಾಗಿತ್ತು. ಕಪಾಟು ತುಂಬಿತು. ಇಂದು ಕೆಳಸಹಿದಾರರು ಅದರೊಳಗೆ ಮತ್ತೊಂದು ಕಾಗದ ತುರುಕಲು ಹೋದಾಗ, ಕಪಾಟು ವಾಲಿ, ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡ ಬಿದ್ದಿದೆ. ಕೆಳಸಹಿದಾರರಿಗೆ ಪೆಟ್ಟಾಗಿಲ್ಲ. ಹೊರಗೆ ಬರಲು ಮಾತ್ರ ಆಗುತ್ತಿಲ್ಲ. ಕಿಟಕಿಗೆ ಸರಳುಗಳಿವೆ, ಅವನ್ನು ಹಾಕಿಸಿದವರೂ ಕೆಳಸಹಿದಾರರೇ.

ಆದ್ದರಿಂದ ಎಲ್ಲರ ಅವಗಾಹನೆಗೆ ಈ ಕೆಳಕಂಡಂತೆ ತರಲಾಗಿದೆ:

1. ದರ್ಜೆಗಳನ್ನು ಮತ್ತೊಮ್ಮೆ ಸ್ಪಷ್ಟಪಡಿಸಲಾಗಿದೆ. ‘ಯೋಚನೆ’ ಗುಮಾಸ್ತರಿಗೆ ಮೀಸಲು. ಊಟದ ನಂತರ ಕಣ್ಣು ಮುಚ್ಚಿ ಮಾಡುವುದನ್ನು ಯೋಚನೆಯೆಂದು ಪರಿಗಣಿಸುವುದಿಲ್ಲ. ‘ಆಲೋಚನೆ’ ಮೇಲ್ವಿಚಾರಕರದು. ‘ಚಿಂತನೆ’ ಕೆಳಸಹಿದಾರರೊಬ್ಬರದೇ, ಕನ್ನಡಕ ತೆಗೆದು, ಮೇಜಿನಂಚಿಗೆ ಬೆರಳು ಬಡಿಯುತ್ತ ಮಾಡತಕ್ಕದ್ದು. ‘ಚಿಂತೆ’ ಎಲ್ಲ ದರ್ಜೆಯವರಿಗೂ ಮುಕ್ತವಾಗಿದ್ದು ಮನೆಯಿಂದಲೇ ತರಬಹುದು. ‘ಕಲ್ಪನೆ’ಯನ್ನು ರಜೆ ಅರ್ಜಿಗಳಲ್ಲಿ ಮಾತ್ರ ಬಳಸತಕ್ಕದ್ದು. ‘ಅಭಿಪ್ರಾಯ’ ಕೇಳಿದರೆ ಮಾತ್ರ ಇರತಕ್ಕದ್ದು.

2. ‘ಹೊಳಹು’ ಎಂಬುದು ಹೇಳದೆ ಕೇಳದೆ, ಹಾಜರಿ ಹಾಕದೆ, ಬಂದ ದಾರಿ ತೋರದೆ ಬರುವಂಥದ್ದು. ಸ್ನಾನದ ಮನೆಯಲ್ಲಿ ಬಂದ ಹೊಳಹಿಗೆ ಕಾರ್ಯಾಲಯ ಹೊಣೆಯಲ್ಲ.

3. ಕಪಾಟು ಬಿದ್ದ ಕೂಡಲೇ ಬೆರಳಚ್ಚುಗಾರ್ತಿಯವರು ಬಾಗಿಲ ಬಳಿ ಓಡಿಬಂದು, “ಸಾರ್, ನನಗೊಂದು ಐಡಿಯಾ ಬಂತು” ಎಂದಿರುವುದು ಕೆಳಸಹಿದಾರರ ಕಿವಿಗೆ ಬಿದ್ದಿದೆ. ಮೇಲ್ವಿಚಾರಕರು ತಕ್ಷಣ ಅವರನ್ನು ತಡೆದಿರುತ್ತಾರೆ. ನಂತರದ ಸಂಭಾಷಣೆಯನ್ನು ಬಾಗಿಲಿಗೆ ಕಿವಿಗೊಟ್ಟು ದಾಖಲಿಸಲಾಗಿದೆ:

“ಅಮ್ಮಾ, ಆ ಪದ ಬಾಯಲ್ಲಿ ಬರಬಾರದು. ಯೋಚನೆಯೋ, ಉಪಾಯವೋ, ಮೊದಲು ಅದನ್ನ ತೀರ್ಮಾನ ಮಾಡಿ.”

“ಏನಾದ್ರೂ ಅಂದ್ಕೊಳ್ಳಿ ಸಾರ್. ಒಳಗಿರೋರು ಹೊರಗೆ ಬರಬೇಕಲ್ಲ?”

“ಹೊರಗೆ ಬರೋದು ಆಮೇಲೆ. ದರ್ಜೆ ಮೊದಲು.”

ಮೇಲ್ವಿಚಾರಕರ ನಿಯಮನಿಷ್ಠೆಯನ್ನು ಈ ಮೂಲಕ ಪ್ರಶಂಸಿಸಲಾಗಿದೆ. ಮನಸಾರೆ ಶಪಿಸಲೂ ಆಗಿದೆ.

4. ಬಹಳ ಹೊತ್ತಿನ ಚರ್ಚೆಯ ಬಳಿಕ ಸದರಿಯನ್ನು ‘ಉಪಾಯ’ವೆಂದು ಅಂಗೀಕರಿಸಲಾಗಿ, ಅದು ಇಷ್ಟೇ ಎಂದು ತಿಳಿದುಬಂದಿದೆ: ಕಾಗದಗಳನ್ನು ಹೊರತೆಗೆದರೆ ಕಪಾಟು ಹಗುರಾಗುತ್ತದೆ, ಆಗ ತಳ್ಳಬಹುದು. ಆದರೆ ಓದಿ ಆದೇಶ ಬರೆಯದೆ ಆ ಕಪಾಟಿನಿಂದ ಒಂದು ಚೂರು ಕಾಗದವನ್ನೂ ತೆಗೆಯತಕ್ಕದ್ದಲ್ಲ ಎಂಬ ನಿಯಮವಿದೆ. ನಿಯಮ ಮಾಡಿದವರು ಯಾರೆಂದು ಇಲ್ಲಿ ಚರ್ಚಿಸುವ ಅಗತ್ಯವಿಲ್ಲ. ಅದನ್ನು ಮುರಿಯೋಣವೆಂದರೆ ಮೇಲ್ವಿಚಾರಕರು ಕೀಲಿಕಂಡಿಯಲ್ಲಿ ಕಣ್ಣಿಟ್ಟಿದ್ದಾರೆ.

5. ಅದರಂತೆ ಕೆಳಸಹಿದಾರರು ನೆಲದ ಮೇಲೆ ಕುಳಿತು ಸಿಬ್ಬಂದಿಯ ಆಲೋಚನೆಗಳನ್ನು ಓದಲು ಆರಂಭಿಸಿರುತ್ತಾರೆ. ಇದು ಮೊದಲ ಬಾರಿ. ಅರ್ಜಿ ತೆಗೆದುಕೊಳ್ಳುವ ಕಿಟಕಿ ಸೊಂಟದೆತ್ತರದಲ್ಲಿರುವುದರಿಂದ ಬಂದವರೆಲ್ಲ ಬಗ್ಗಿ ಮಾತಾಡಬೇಕಾಗಿದೆ, ಎತ್ತರಿಸಿ, ಎಂದು ಬೆರಳಚ್ಚುಗಾರ್ತಿಯವರು ಬರೆದದ್ದಕ್ಕೆ ‘ಇದು ಬರೀ ಭಾವನೆ, ಕಪಾಟಿಗೆ’ ಎಂದು ಓದದೆಯೇ ಹಾಕಿದ ಷರಾ ಇತ್ತು. ಈಗ ಮಂಜೂರು ಮಾಡಲಾಗಿದೆ. ಚಾಲಕರ ಕಾಗದದಲ್ಲಿ “ಕಪಾಟಿನ ಒಂದು ಕಾಲು ಗಿಡ್ಡ ಇದೆ, ಅದರಡಿ ಏನಾದ್ರೂ ಇಡಿ, ಇಲ್ದಿದ್ರೆ ಬೀಳುತ್ತೆ” ಎಂದಿದ್ದು, ಅದನ್ನು ಅಂದು ‘ಕಲ್ಪನೆ’ಯೆಂದು ವಿಲೇ ಮಾಡಲಾಗಿತ್ತು. ಸದರಿ ಕಲ್ಪನೆಗೆ ಪೂರ್ವಾನ್ವಯವಾಗಿ ‘ದೂರದೃಷ್ಟಿ’ಯ ದರ್ಜೆಗೆ ಬಡ್ತಿ ನೀಡಲಾಗಿದೆ. ಚಾಲಕರಿಗಲ್ಲ.

6. ಈ ಸುತ್ತೋಲೆ ಬರೆಯುವ ವೇಳೆಗೆ ಕಪಾಟು ತುಸು ಹಗುರಾಗಿ, ಬಾಗಿಲು ನಾಲ್ಕು ಬೆರಳಷ್ಟು ತೆರೆದಿದೆ. ಆ ಸಂದಿನಲ್ಲಿ ಕಪ್ಪು ತೂರುತ್ತದೆ, ಸಾಸರು ತೂರುವುದಿಲ್ಲ. ಆದ್ದರಿಂದ ಚಹಾವನ್ನು ಸಾಸರಿಲ್ಲದೆ, ಅಲುಗಾಡಿಸದೆ ನೀಡತಕ್ಕದ್ದು. ಕೆಳಸಹಿದಾರರ ಪತ್ನಿಗೆ ವಿಷಯ ತಿಳಿಸಲಾಗಿ, ಅವರು “ಇವತ್ತಾದ್ರೂ ಎಲ್ಲಿದ್ದಾರೆ ಅಂತ ಗೊತ್ತಾಯ್ತಲ್ಲ, ನಿಧಾನಕ್ಕೆ ಬರಲಿ ಬಿಡಿ” ಎಂದಿರುತ್ತಾರೆ. ಇದು ಯಾವ ದರ್ಜೆಗೂ ಸೇರದ ಕಾರಣ ಕಡತದಲ್ಲಿ ಹಾಗೆಯೇ ಇಡಲಾಗಿದೆ.

7. ಸಾರ್ವಜನಿಕರು ಸದರಿ ಸಂದನ್ನು ದುರುಪಯೋಗಪಡಿಸಿಕೊಳ್ಳುತ್ತಿರುವುದು ಗಮನಕ್ಕೆ ಬಂದಿದೆ. ನಿವೃತ್ತ ಶಿಕ್ಷಕಿಯೊಬ್ಬರು ಸಂದಿನಲ್ಲಿ ಕೈ ತೂರಿಸಿ, “ಏನಪ್ಪಾ, ಒಳಗಿದ್ದೀಯಲ್ಲ? ‘ಸಾಹೇಬ್ರು ಸೀಟಲ್ಲಿಲ್ಲ’ ಅಂತ ಇವತ್ತು ಹೇಳೋಕಾಗಲ್ಲ. ಹಾಕು ಸಹಿ” ಎಂದಿದ್ದಾರೆ. ಹಾಕಲಾಗಿದೆ. ಅವರ ಹಿಂದೆ ಸಾಲು ನಿಂತಿದೆ. ಸಾಲು ಮೆಟ್ಟಿಲಿಳಿದು ಬೀದಿಯವರೆಗೆ ಹೋಗಿದೆ ಎಂದು ತಿಳಿಸುವಾಗ ಜವಾನರ ಧ್ವನಿಯಲ್ಲಿ ಸಂತೋಷವಿತ್ತು. ಇದಕ್ಕೆ ಅವರಿಂದ ವಿವರಣೆ ಕೇಳಲಾಗಿದೆ.

8. ಈಗಷ್ಟೇ ಸಂದಿನ ಮೂಲಕ ಹೊಸದೊಂದು ಕಾಗದ ಒಳಗೆ ಬಂದಿರುತ್ತದೆ. ಸಿಬ್ಬಂದಿ ಒಟ್ಟಾಗಿ ಸಲ್ಲಿಸಿರುವ ಇದರ ಒಕ್ಕಣೆ: “ಸಾಹೇಬರು ಒಳಗಿರುವುದರಿಂದ ಕೆಲಸಗಳು ಹೊರಗೆ ಬರುತ್ತಿವೆ. ಆದ್ದರಿಂದ ಬಾಗಿಲನ್ನು ಸದ್ಯಕ್ಕೆ ಹೀಗೆಯೇ ಇರಿಸಬಹುದು.” ಮೊದಲ ಸಹಿ ಬೆರಳಚ್ಚುಗಾರ್ತಿಯವರದು. ಮೇಲ್ವಿಚಾರಕರದು ಎರಡನೆಯದು, ನೀಟಾಗಿದೆ.

9. ಇದನ್ನು ‘ದುರಾಲೋಚನೆ’ಯ ದರ್ಜೆಗೆ ಸೇರಿಸಿ ತಿರಸ್ಕರಿಸಬೇಕೆಂದಿತ್ತು. ಆದರೆ ನಿಯಮದ ಪ್ರಕಾರ ದುರಾಲೋಚನೆಯನ್ನು ತಿರಸ್ಕರಿಸುವ ಮುನ್ನ ಬಾಧಿತರ ಅಭಿಪ್ರಾಯ ಕೇಳತಕ್ಕದ್ದು. ಬಾಧಿತರೆಂದರೆ ತಾವೊಬ್ಬರೇ ಎಂದು ಕೆಳಸಹಿದಾರರು ತಿಳಿದಿದ್ದರು. ಸಾಲಿನಲ್ಲಿದ್ದವರೂ ಬಾಧಿತರೇ, ಬಹುಕಾಲದಿಂದ ಬಾಧಿತರು, ಎಂದು ಮೇಲ್ವಿಚಾರಕರು ನಿಯಮ ತೋರಿಸಿದರು. ಕೇಳಲಾಯಿತು. ಬಾಗಿಲಿನಿಂದ ಬೀದಿಯವರೆಗೆ ಒಕ್ಕೊರಲಿನ ಉತ್ತರ ಬಂದಿದೆ: “ಸೂಪರ್ ಐಡಿಯಾ!” ಪದ ನಿಷೇಧವು ಸಾರ್ವಜನಿಕರಿಗೆ ಅನ್ವಯಿಸದ ಕಾರಣ ಕ್ರಮ ಜರುಗಿಸಲು ಅವಕಾಶವಿರುವುದಿಲ್ಲ.

10. ಕೆಳಸಹಿದಾರರು ಈಗ ಚಿಂತನೆಯಲ್ಲಿಲ್ಲ. ಚಿಂತೆಯಲ್ಲಿದ್ದಾರೆ ಎಂಬುದನ್ನು ಎಲ್ಲರೂ ಗಮನಿಸತಕ್ಕದ್ದು.

(ಸಹಿ, ನೆಲದ ಮೇಲೆ ಕುಳಿತು)
ಮುಖ್ಯಾಧಿಕಾರಿ
ಬಾಗಿಲ ಹಿಂದೆ

ಪ್ರತಿಗಳು:
1. ಬೆರಳಚ್ಚುಗಾರ್ತಿಯವರಿಗೆ, ಶುದ್ಧಪ್ರತಿ ತೆಗೆಯಲು. ನಗದೆ ತೆಗೆಯತಕ್ಕದ್ದು.
2. ಮನೆಗೆ, ಊಟವನ್ನು ಚಪ್ಪಟೆ ಡಬ್ಬಿಯಲ್ಲಿ ಕಳುಹಿಸುವಂತೆ ಕೋರಿ.
3. ನಿವೃತ್ತ ಶಿಕ್ಷಕಿಯವರಿಗೆ, ಸಹಿಯ ಜೊತೆಗೆ ಒಯ್ದ ಪೆನ್ನನ್ನು ಹಿಂದಿರುಗಿಸಲು.
4. ಬಡಗಿಯವರಿಗೆ, ಉಪಕರಣಗಳೊಂದಿಗೆ ಕೂಡಲೇ ಬರಲು. (ಈ ಪ್ರತಿಯನ್ನು ರವಾನಿಸಲು ಮೇಲ್ವಿಚಾರಕರ ಕೈಗೆ ಕೊಡಲಾಗಿದೆ. ಇದನ್ನು ಯಾವ ದರ್ಜೆಗೆ ಸೇರಿಸಬೇಕೆಂದು ಅವರು ಆಲೋಚಿಸುತ್ತಿದ್ದಾರೆ.)