ಕಂಠಪ್ಪ ಮರಳು ನೋಡಲು ಹೊರಟಿದ್ದು

ಈ ಅನಾಹುತಕ್ಕೆಲ್ಲ ಮೂಲ ಒಂದು ಕ್ಯಾಲೆಂಡರು. ಹುಣಸೂರಿನ ಒಂದು ಮರದ ಡಿಪೋದಲ್ಲಿ ಗುಮಾಸ್ತನಾಗಿದ್ದ ಕಂಠಪ್ಪನ ಮೇಜಿನೆದುರು ಯಾರೋ ಅದನ್ನು ತೂಗುಹಾಕಿದ್ದರು. ಅದರಲ್ಲಿ ಒಬ್ಬ ಬಿಳಿ ದೊರೆ ಮೋಟರ್ ಸೈಕಲ್ ಹತ್ತಿ ಮರಳುಗಾಡು ದಾಟುತ್ತಿದ್ದ. ಹಿಂದೆ ಮುಂದೆ ನರಪಿಳ್ಳೆಯಿಲ್ಲ. "ಯಾವ ಕಡೆ ಹೊರಟ್ರಿ?" ಎಂದು ಕೇಳುವವರಿಲ್ಲ. ಹುಟ್ಟಿದಾಗಿನಿಂದ ಒಂದೇ ಬೀದಿಯಲ್ಲಿ ಬದುಕಿದ್ದ ಕಂಠಪ್ಪನಿಗೆ ಮೋಟರಿಗಿಂತ ಹೆಚ್ಚಾಗಿ ಆ ಕೇಳುವವರಿಲ್ಲದ ಸುಖವೇ ಹುಚ್ಚು ಹಿಡಿಸಿತು.

ಮೈಸೂರು ಸಂಸ್ಥಾನದಲ್ಲಿ ಮರಳುಗಾಡು ಎಲ್ಲಿಂದ ಬರಬೇಕು? ಆದರೆ ತಲಕಾಡಿನಲ್ಲಿ ಮರಳಿದೆ, ದೇವಸ್ಥಾನವೇ ಮುಚ್ಚಿಹೋಗುವಷ್ಟು ಮರಳಿದೆ ಎಂದು ಅವನು ಕೇಳಿದ್ದ. ಒಂದು ದಿನ ರಜೆ ಹಾಕಿದ. ಸೈಕಲ್ ಶಾಪಿನ ಗಯಾಸುದ್ದೀನನ ಬಳಿ ಒಂದು ಮೋಟರ್ ಸೈಕಲ್ ಇತ್ತು. ಕೊಡಗಿನ ಕಾಫಿ ತೋಟದ ದೊರೆಯೊಬ್ಬ ಯುದ್ಧಕ್ಕೆ ಹೋಗುವಾಗ ಬಿಟ್ಟುಹೋಗಿದ್ದು. ಅದನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದ.

"ಪೆಟ್ರೋಲು ಕಷ್ಟ ಸ್ವಾಮಿ, ಲಡಾಯಿ ಕಾಲ. ಅರ್ಧ ಟ್ಯಾಂಕು ಐತೆ ಅಷ್ಟೇ," ಎಂದ ಗಯಾಸುದ್ದೀನ್. "ಇನ್ನೊಂದು ಮಾತು. ದಾರೀಲಿ ಇಂಜಿನ್ ನಿಲ್ಲಿಸ್ಬೇಡಿ. ನಿಂತ್ರೆ ತಳ್ಳಿ ಎಬ್ಬಿಸಾಕೆ ಆರು ಜನ ಬೇಕು. ಕೆಸರಿಗೆ ಬಿದ್ದ ಎಮ್ಮೆ ಇದ್ದಂಗೆ ಅದು."

ಕಂಠಪ್ಪ ನೆಟ್ಟಗೆ ಮೈಸೂರು ರಸ್ತೆ ಹಿಡಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಮೋಟರ್ ಸೈಕಲ್ ಹತ್ತಿದವನು ತನ್ನ ಬೀದಿಗೆ ತೋರಿಸದೆ ಹೋಗುವುದುಂಟೆ? ಬೀದಿಗೆ ತಂದ. ಬೀದಿಯೆಲ್ಲ ಸೇರಿತು. ಎಲ್ಲರಿಗಿಂತ ಮುಂದೆ ಬಂದವರು ಪಕ್ಕದ ಮನೆಯ ವೀರಭದ್ರಸ್ವಾಮಿ. ಮದುವೆಯಾಗಲಿ ಮಸಣವಾಗಲಿ, ಕರೆಯದಿದ್ದರೂ ಬಂದು ಯಜಮಾನಿಕೆ ವಹಿಸಿಕೊಳ್ಳುವ ಮನುಷ್ಯ.

"ದೇವ್ರೇ ಕಳ್ಸವ್ನೆ ಕಣಯ್ಯ ಈ ಗಾಡೀನ," ಎಂದರು ಅವರು. "ನಿಮ್ಮ ದೊಡ್ಡಪ್ಪ ರಾತ್ರಿಯಿಂದ ಮಗಳು ಮಗಳು ಅಂತ ಬಡ್ಕೋತಾವ್ರೆ. ಹೋಗಿ ಸುಂದ್ರಮ್ಮಂಗೆ ಒಂದು ಮಾತು ಹೇಳ್ಬುಡು. ಹಂಗೇ ಹನಗೋಡಿಗೆ ಹೋಗಿ ನಿಮ್ಮ ಚಿಕ್ಕಪ್ಪಂಗೂ ಹೇಳು."

ದೊಡ್ಡಪ್ಪ ಪುಟ್ಟಮಲ್ಲಪ್ಪ ಹತ್ತು ದಿನದಿಂದ ಹಾಸಿಗೆ ಹಿಡಿದಿದ್ದರು. ತಂದೆತಾಯಿ ಸತ್ತ ಕಂಠಪ್ಪನನ್ನು ಸಾಕಿದವರು ಅವರೇ. ಅವರ ಒಬ್ಬಳೇ ಮಗಳು ಸುಂದ್ರಮ್ಮನನ್ನು ಕಂಪಲಾಪುರಕ್ಕೆ ಕೊಟ್ಟಿತ್ತು. ಎಂಟು ವರ್ಷದ ಹಿಂದೆ ಅವಳ ತಾಯಿ ಕಾಯಿಲೆ ಬಿದ್ದಾಗ, ಇವತ್ತು ವಾಸಿಯಾದೀತು ನಾಳೆ ವಾಸಿಯಾದೀತು ಎಂದು ದೊಡ್ಡಪ್ಪ ಹೇಳಿಕಳಿಸಿರಲಿಲ್ಲ. ಸುಂದ್ರಮ್ಮ ಬಂದು ಸೇರುವಷ್ಟರಲ್ಲಿ ಮಣ್ಣು ಮುಚ್ಚಿ ಆಗಿತ್ತು. "ಇನ್ನು ಈ ಮನೆಗೆ ನಿನ್ನ ಮಣ್ಣಿಗೇ ನಾನು ಬರೋದು" ಎಂದು ಅಪ್ಪನಿಗೆ ಹೇಳಿ ಹೋದವಳು ಈ ಕಡೆ ತಲೆ ಹಾಕಿರಲಿಲ್ಲ.

ಕಂಠಪ್ಪ ಒಳಗೆ ಹೋದಾಗ ದೊಡ್ಡಪ್ಪ ಅವನ ಕೈ ಹಿಡಿದುಕೊಂಡರು. "ಒಂದೇ ಒಂದ್ಸಲ ಅವಳ ಮೊಕ ನೋಡ್ಬೇಕು ಕಣ್ಲಾ ಮಗ. ಇಲ್ದಿದ್ರೆ ನಂಗೆ ಸಾವೂ ನೆಟ್ಟಗಾಗಾಕಿಲ್ಲ."

"ಬತ್ತಾಳೆ ದೊಡ್ಡಪ್ಪ, ಈಗ್ಲೇ ಹೋಗಿ ಹೇಳ್ತೀನಿ," ಎಂದ ಕಂಠಪ್ಪ. ಮರಳು ಎಲ್ಲಿ ಹೋಗುತ್ತೆ, ಸಾವಿರ ವರ್ಷದಿಂದ ಅಲ್ಲೇ ಬಿದ್ದಿದೆ ಎಂದುಕೊಂಡು ಮೊದಲು ಹನಗೋಡಿಗೆ ಹೊರಟ.

ಚಿಕ್ಕಪ್ಪ ಮಂಟಯ್ಯ ತಂಬಾಕು ಒಣಗಿಸುವ ಬ್ಯಾರನ್ನಿಗೆ ಸೌದೆ ಒಟ್ಟುತ್ತಿದ್ದ. ಒಳಗೆ ಸೊಪ್ಪು ಹದಕ್ಕೆ ಬರುವ ಮೂರನೆಯ ದಿನ. ಬೆಂಕಿ ಒಂದು ಗಳಿಗೆ ತಪ್ಪಿದರೂ ವರ್ಷದ ಬೆಳೆ ಕಪ್ಪಾಗುತ್ತದೆ. ಕಂಠಪ್ಪ ಗಾಡಿಯ ಮೇಲೆ ಕೂತಂತೆಯೇ ಕೂಗಿದ.

"ಚಿಕ್ಕಪ್ಪಾ, ದೊಡ್ಡಪ್ಪಂಗೆ ಉಷಾರಿಲ್ಲ. ಬೇಗ ಬರಬೇಕಂತೆ!"

"ಇಳಿಯೋ, ಕೂತ್ಕೊ. ನೀರು ಕುಡಿ," ಎಂದ ಮಂಟಯ್ಯ.

"ಕೂರಾಕಾಗಲ್ಲ. ನೀರೂ ಬ್ಯಾಡ!" ಎಂದವನೇ ಗಾಡಿ ತಿರುಗಿಸಿಕೊಂಡು ಹೋದ.

ನಮ್ಮ ಸೀಮೆಯಲ್ಲಿ ಸಾವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹುಷಾರಿಲ್ಲ, ಬನ್ನಿ ಅನ್ನುತ್ತಾರೆ ಅಷ್ಟೆ. ಕಾಯಿಲೆಯೋ ಕತೆ ಮುಗಿದದ್ದೋ ಎನ್ನುವುದು ತಿಳಿಯುವುದು ಸುದ್ದಿ ತಂದವನ ನಡತೆಯಿಂದ. ಕಾಯಿಲೆಯ ಸುದ್ದಿ ತಂದವನು ಜಗಲಿಯ ಮೇಲೆ ಕೂರುತ್ತಾನೆ, ನೀರು ಕುಡಿಯುತ್ತಾನೆ, ಹೋಗಿ ಬರ್ತೀನಿ ಎಂದು ಹೇಳಿ ಏಳುತ್ತಾನೆ. ಸಾವಿನ ಸುದ್ದಿ ತಂದವನು ಕೂರುವುದಿಲ್ಲ, ನೀರು ಮುಟ್ಟುವುದಿಲ್ಲ, ಬರ್ತೀನಿ ಎನ್ನುವುದಿಲ್ಲ. ಇದು ಕಂಠಪ್ಪನಿಗೆ ತಿಳಿಯದ್ದೇನಲ್ಲ. ಆದರೆ ಅವನ ಬುದ್ಧಿಯೆಲ್ಲ ಇಂಜಿನ್ ನಿಲ್ಲದಂತೆ ನೋಡಿಕೊಳ್ಳುವುದರಲ್ಲಿತ್ತು. ಬೆನ್ನ ಹಿಂದೆ ಎದ್ದ ಗೋಳು ಮೋಟರಿನ ಸದ್ದಿನಲ್ಲಿ ಅವನಿಗೆ ಕೇಳಿಸಲೇ ಇಲ್ಲ.

ಕಂಪಲಾಪುರದಲ್ಲೂ ಅದೇ ಆಯಿತು. ಸುಂದ್ರಮ್ಮ ಹಿತ್ತಲಿನಿಂದ ಓಡಿಬಂದು ಬಾಗಿಲಲ್ಲಿ ನಿಂತಳು. ಕಂಠಪ್ಪ ಹೇಳಿದ, ತಿರುಗಿಸಿದ, ಹೋದ. ಅವಳ ಕೈಯಲ್ಲಿದ್ದ ಚೆಂಬು ಕೆಳಗೆ ಬಿತ್ತು. ಅದನ್ನೂ ಅವನು ನೋಡಲಿಲ್ಲ.

ಪರೋಪಕಾರ ಮುಗಿಯಿತೆಂದು ಕಂಠಪ್ಪ ಹುಣಸೂರು ದಾಟಿ ಮೈಸೂರಿನ ಕಡೆ ಹೊರಟ. ಬಿಳಿಕೆರೆಯ ಹತ್ತಿರ ಪೆಟ್ರೋಲು ಮುಗಿಯಿತು. ಕೇಳುವವರಿಲ್ಲದ ಸುಖ ಅವನಿಗೆ ಅಲ್ಲಿ ಸಿಕ್ಕಿತು. ಎಷ್ಟು ಕೂಗಿದರೂ ತಳ್ಳಲು ಒಬ್ಬನೂ ಬರಲಿಲ್ಲ. ಉರಿಬಿಸಿಲಿನಲ್ಲಿ ಗಾಡಿಯನ್ನು ತಾನೇ ತಳ್ಳಿಕೊಂಡು ವಾಪಸು ಹೊರಟ.

ಇತ್ತ ಮನೆಯಲ್ಲಿ ದೊಡ್ಡಪ್ಪ ಚೇತರಿಸಿಕೊಂಡಿದ್ದರು. ಮಗಳು ಬರುತ್ತಾಳೆ ಎಂಬ ಒಂದು ಮಾತಿಗೆ ಹತ್ತು ದಿನದ ಮೇಲೆ ಎದ್ದು ಕೂತು ಗಂಜಿ ಕೇಳಿದರು, ಗಡ್ಡ ಮಾಡಿಸಿಕೊಂಡರು, ಜಗಲಿಗೆ ಬಂದು ಕಂಬಕ್ಕೊರಗಿ ಕೂತರು. ಮೊದಲು ಬಂದವನು ಮಂಟಯ್ಯ. ಕೈಯಲ್ಲಿ ಹೂವಿನ ಹಾರ, ಜೊತೆಗೆ ತಮಟೆಯವರು.

"ನೀನು ಸತ್ತಿಲ್ವಾ?" ಎಂದ ಮಂಟಯ್ಯ ಬೆಪ್ಪಾಗಿ.

"ಇನ್ನೂ ಇಲ್ಲ ಕಣ್ಲಾ. ಬಂದಿದ್ದೀಯ, ಕೂತಿರು," ಎಂದರು ದೊಡ್ಡಪ್ಪ.

"ಬ್ಯಾರನ್ ಬೆಂಕಿ ಬುಟ್ಟು ಬಂದಿದ್ದೀನಲ್ಲೋ! ನನ್ನ ಸೊಪ್ಪೆಲ್ಲ ಹಾಳಾಯ್ತಲ್ಲೋ!" ಎಂದು ಮಂಟಯ್ಯ ಹಾರವನ್ನು ಜಗಲಿಯ ಮೇಲೆಸೆದು ಕಂಠಪ್ಪನ ವಂಶಕ್ಕೆಲ್ಲ ಶಾಪ ಹಾಕುತ್ತ ಹೋದ. ಅದು ತನ್ನದೇ ವಂಶ ಎನ್ನುವುದು ಅವನಿಗೆ ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬೀದಿಯ ತುದಿಯಿಂದ ಸುಂದ್ರಮ್ಮನ ದನಿ ಕೇಳಿಸಿತು. ಎತ್ತಿನ ಗಾಡಿಯಿಂದಿಳಿದು ಎದೆ ಬಡಿದುಕೊಂಡು ಬರುತ್ತಿದ್ದಳು. "ಅಪ್ಪಾ, ಎಂಟು ವರ್ಸ ನಿನ್ನ ಮೊಕ ನೋಡ್ದೆ ಹೋದ್ನಲ್ಲಪ್ಪಾ! ನಂಗೆ ಯಾಕಪ್ಪಾ ಅಷ್ಟು ಸಿಟ್ಟು ಬಂತು! ನನ್ನ ಬುಟ್ಟು ಹೋದ್ಯಲ್ಲಪ್ಪಾ!"

ಬದುಕಿದ್ದಾಗ ಇಂಥ ಮಾತು ಕೇಳುವ ಪುಣ್ಯ ಎಷ್ಟು ಅಪ್ಪಂದಿರಿಗಿದೆ? ದೊಡ್ಡಪ್ಪನ ಕಣ್ಣು ತುಂಬಿ ಹರಿಯಿತು. "ಬಾ ಮಗ," ಎಂದರು.

ಸುಂದ್ರಮ್ಮ ನಿಂತಳು. ನುಣ್ಣಗೆ ಕ್ಷೌರ ಮಾಡಿಸಿಕೊಂಡ ಅಪ್ಪ, ಪಕ್ಕದಲ್ಲಿ ಗಂಜಿಯ ಬಟ್ಟಲು, ಹೂವಿನ ಹಾರ. ಬೀದಿಯ ಜನವೆಲ್ಲ ಅವಳನ್ನೇ ನೋಡುತ್ತಿತ್ತು.

"ನಾನಾಡಿದ ಮಾತ್ನೇ ಹಿಡ್ಕೊಂಡು ಆಟ ಕಟ್ಟಿದ್ಯಾ?" ಎಂದಳು. "ಸತ್ತೋದೆ ಅಂತ ಹೇಳ್ಕಳಿಸಿ ಕರೆಸ್ಕೊಂಡು, ಬೀದೀಲಿ ನನ್ನ ಅಳಿಸಿ ನೋಡ್ತಾ ಕೂತಿದ್ದೀಯಾ?"

ಹೊಸಿಲು ತುಳಿಯಲಿಲ್ಲ. ಹಾಗೇ ತಿರುಗಿ ಗಾಡಿ ಹತ್ತಿದಳು. ದೊಡ್ಡಪ್ಪ "ಸುಂದ್ರಾ" ಎನ್ನುತ್ತ ಎದ್ದು ಜಗಲಿಯಿಂದಿಳಿದರು. ನಾಲ್ಕು ಹೆಜ್ಜೆ ನಡೆದು ಬೀದಿಯಲ್ಲೇ ಕುಸಿದರು. ಜನ ಎತ್ತಿಕೊಳ್ಳುವಷ್ಟರಲ್ಲಿ ಜೀವವಿರಲಿಲ್ಲ. ಗಾಡಿ ಬೀದಿ ದಾಟಿ ಹೋಗಿತ್ತು.

ಕಂಠಪ್ಪ ಬೆವರಿಳಿಸಿಕೊಂಡು ಗಯಾಸುದ್ದೀನನ ಶಾಪು ಮುಟ್ಟಿದಾಗ ಈ ಸುದ್ದಿ ಅವನಿಗಾಗಿ ಕಾಯುತ್ತಿತ್ತು. ಕೂತು ಅಳಲು ಹೋದವನನ್ನು ವೀರಭದ್ರಸ್ವಾಮಿ ಬಿಡಲಿಲ್ಲ. "ಆಮೇಲೆ ಅಳುವೆಯಂತೆ. ಸುಂದ್ರಮ್ಮನ ಗಾಡಿ ಇನ್ನೂ ಅರ್ಧ ದಾರೀಲಿರ್ತದೆ, ಅವಳ್ನ ಕರ್ಕೊಂಡು ಬಾ. ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕು." ಗಯಾಸುದ್ದೀನ್ ಎಲ್ಲಿಂದಲೋ ಒಂದು ಸೀಸೆ ಪೆಟ್ರೋಲು ತಂದು ಸುರಿದ, ಯಂತ್ರದೊಳಗೆ ಏನೋ ತಿರುವಿದ. "ಈಗ ಒಂದೇ ಒದೆತಕ್ಕೆ ಏಳ್ತದೆ ಸ್ವಾಮಿ, ಹೋಗಿ," ಎಂದ.

ಎರಡು ಹರಿದಾರಿಯೊಳಗೇ ಗಾಡಿ ಸಿಕ್ಕಿತು. ಸದ್ದಿಗೆ ಎತ್ತು ಬೆದರಿದ್ದರಿಂದ ಕಂಠಪ್ಪ ಇಂಜಿನ್ ನಿಲ್ಲಿಸಿದ. ಕೆಳಗಿಳಿದು ಹೊಂಗೆಮರದ ಬುಡದಲ್ಲಿ ಕುಸಿದು ಕೂತ. ಗಾಡಿಯವನು ಕೊಟ್ಟ ನೀರನ್ನು ಗಟಗಟನೆ ಕುಡಿದ. ಬೆಳಗಿನಿಂದ ಅವನ ಬಾಯಿಗೆ ಬಿದ್ದ ಮೊದಲ ಹನಿ ಅದು.

"ಅಕ್ಕಾ, ದೊಡ್ಡಪ್ಪ ಹೋಗ್ಬುಟ್ರು," ಎಂದ.

ಸುಂದ್ರಮ್ಮ ನಕ್ಕಳು. ಅಂಥ ನಗು ಯಾರಿಗೂ ಬೇಡ. "ಮರದ ಕೆಳಗೆ ಕೂತು, ತಣ್ಣಗೆ ನೀರು ಕುಡ್ಕೊಂಡು ಸಾವಿನ ಸುದ್ದಿ ಹೇಳ್ತೀಯಾ? ಬೆಳಗ್ಗೆ ಚೆನ್ನಾಗಿ ಮಾಡಿದ್ದೆ ಕಂಠ. ಈಗ ಮರ್ತುಹೋಯ್ತಾ?"

"ದೇವ್ರಾಣೆ ಕಣಕ್ಕಾ!"

"ಒಂದು ದಿನಕ್ಕೆ ಎಲ್ಡು ಸಲ ಸಾಯೋ ಅಪ್ಪನ್ನ ನಾನು ಕಂಡಿಲ್ಲ. ನಾ ಬರಾಕಿಲ್ಲ, ನಡಿ."

ಕಂಠಪ್ಪ ಬೇಡಿಕೊಂಡ, ಕೈ ಮುಗಿದ. ಕೊನೆಗೆ ದುಃಖ ಸಿಟ್ಟಾಯಿತು. ಈ ಕಲ್ಲೆದೆಯವಳ ಜೊತೆ ಏನು ಮಾತು ಎಂದು ದಡಕ್ಕನೆ ಎದ್ದ. ಅವಳ ಮುಖವನ್ನೂ ನೋಡದೆ, ಒಂದು ಮಾತೂ ಆಡದೆ, ಮೋಟರಿಗೆ ಒದ್ದು ಹೊರಟೇಬಿಟ್ಟ. ಹಿಂದೆ ಯಾರೋ ಚೀರಿದಂತಾಯಿತು. ಮೋಟರಿನ ಸದ್ದಿರಬೇಕು ಎಂದುಕೊಂಡ.

"ಅವಳು ಬರಲ್ಲ, ಮುಗಿಸ್ಬುಡಿ," ಎಂದು ಮನೆಯಲ್ಲಿ ಹೇಳಿದ. ಬಿಸಿಲು ಇನ್ನೂ ಇತ್ತು. ಕಾಯಲು ಯಾರೂ ಇಲ್ಲದ್ದರಿಂದ ವೀರಭದ್ರಸ್ವಾಮಿ ಎಲ್ಲವನ್ನೂ ಬೇಗ ಬೇಗ ಮಾಡಿಸಿದರು. ಗುಣಿಗಿಳಿಸಿ, ವಿಭೂತಿಯಿಟ್ಟು, ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಮಗಳ ಪಾಲಿನದ್ದನ್ನೂ ಕಂಠಪ್ಪನೇ ಹಾಕಿದ.

ಗುದ್ದಲಿಯವರು ಮಣ್ಣು ತಟ್ಟಿ ಕೈ ತೊಳೆಯುತ್ತಿದ್ದಾಗ ಎತ್ತಿನ ಗಾಡಿ ಓಡಿಬಂತು. ಎತ್ತುಗಳ ಬಾಯಲ್ಲಿ ನೊರೆ. ಸುಂದ್ರಮ್ಮ ಇಳಿದು ಬಂದು ಆ ಹಸಿ ಮಣ್ಣಿನ ಪಕ್ಕ ಕೂತಳು. ಅಳಲಿಲ್ಲ. ಅಳುವುದನ್ನೆಲ್ಲ ಮಧ್ಯಾಹ್ನವೇ ಅತ್ತು ಮುಗಿಸಿದ್ದಳು.

"ಒಂದು ಗಳಿಗೆ ಕಾಯಬಾರದಾಗಿತ್ತೇನೋ?" ಎಂದಳು.

"ನೀನು ನಂಬ್ನಿಲ್ವಲ್ಲಕ್ಕಾ," ಎಂದ ಕಂಠಪ್ಪ. "ಬರಾಕಿಲ್ಲ ಅಂದ್ಯಲ್ಲ."

"ಹೋಗಿ ಬತ್ತೀನಿ ಅಂತ ಹೇಳ್ದೆ ಎದ್ದು ಹೋದ್ಯಲ್ಲೋ ಕಂಠ," ಎಂದಳು ಸುಂದ್ರಮ್ಮ. "ನಂಗೆ ಗೊತ್ತಾಗಿದ್ದು ಆಗ್ಲೇ. ಎಷ್ಟು ಕೂಗ್ದೆ ನಿನ್ನ!"